ಮೂವರ ಕೆಲಸಕ್ಕೆ ಯಾರ ಹೆಸರು? ಅಜೈಲ್ ತಂಡದಲ್ಲಿ ಬಳಸಿ ನೋಡಿದ ಪದ್ಧತಿಗಳು

ಮಡಿಕೇರಿ, ವಿರಾಜಪೇಟೆ ಮತ್ತು ಕುಶಾಲನಗರದ ಮನೆಗಳಿಂದಲೇ ದುಡಿಯುವ ನಮ್ಮ ಸಣ್ಣ ತಂಡವು ಕಾಫಿ ಖರೀದಿಸುವ ವ್ಯಾಪಾರಿಗಳಿಗೆ ತಂತ್ರಾಂಶ ಸಿದ್ಧಪಡಿಸುತ್ತದೆ. ಕೆಲಸವನ್ನು ಸಣ್ಣ ಸಣ್ಣ ಹಂತಗಳಲ್ಲಿ ಮುಗಿಸುತ್ತ ಹೋಗುವ ಅಜೈಲ್ ವಿಧಾನದಲ್ಲಿ, ಬಳಕೆದಾರರಿಗೆ ಬೇಕಾದ ಒಂದು ಸೌಲಭ್ಯವನ್ನು ಸಿದ್ಧಪಡಿಸುವ ಕೆಲಸಕ್ಕೆ ಸ್ಟೋರಿ ಎನ್ನುತ್ತಾರೆ. ಇಬ್ಬರು ಮೂವರು ಕೂಡಿ ಮುಗಿಸಬೇಕಾದ ಸ್ಟೋರಿಯ ಹೊಣೆಯನ್ನು ಯಾರ ಹೆಸರಿಗೆ ಬರೆಯಬೇಕು ಎಂಬುದಕ್ಕೆ ನಾವು ಮೂರು ಪದ್ಧತಿಗಳನ್ನು ಬಳಸಿ ನೋಡಿದ್ದೇವೆ.

ಮೊದಲನೆಯದರಲ್ಲಿ ಸ್ಟೋರಿಗೆ ಯಾರ ಹೆಸರೂ ಇರಲಿಲ್ಲ. ಸ್ಕ್ರಮ್ ಎಂಬ ಅಜೈಲ್ ವಿಧಾನದ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಇಡೀ ತಂಡವನ್ನೇ ಉತ್ತರದಾಯಿಯಾಗಿಸುವುದರಿಂದ ಇದು ತತ್ತ್ವಕ್ಕೆ ಹತ್ತಿರವಾಗಿತ್ತು, ಬೇಸಿಗೆಯಲ್ಲಿ ತೊಂದರೆಯಿಲ್ಲದೆ ನಡೆಯಿತು ಕೂಡ. ಆದರೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ ಹೋದಾಗ, ಸಂಪರ್ಕಕ್ಕೆ ಸಿಗದವರು ಯಾವ ಕೆಲಸವನ್ನು ಎಲ್ಲಿಗೆ ನಿಲ್ಲಿಸಿದ್ದಾರೆ ಎಂಬುದು ಉಳಿದವರಿಗೆ ತಿಳಿಯುತ್ತಿರಲಿಲ್ಲ.

ಎರಡನೆಯದು ಎಲ್ಲರ ಹೆಸರನ್ನೂ ಬರೆಯುವುದು. ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಇಶ್ಯೂಗೆ (ಕೆಲಸದ ನಮೂದಿಗೆ) 10 ಜನರವರೆಗೆ ಹೆಸರಿಸಬಹುದು. ತಂಡದ ಕೆಲಸಗಳನ್ನು ನಮೂದಿಸಿಡುವ ತಂತ್ರಾಂಶವಾದ ಜಿರಾದ ಅಸೈನೀ (ಹೊಣೆಗಾರ) ಜಾಗದಲ್ಲಿ ಒಬ್ಬರಿಗಷ್ಟೇ ಅವಕಾಶವಿರುವುದರಿಂದ ಬೇರೆ ಫೀಲ್ಡ್ ಸೇರಿಸಿಕೊಳ್ಳಬೇಕಾಗುತ್ತದೆ. ನೋಡಲು ನ್ಯಾಯವಾಗಿ ಕಾಣುವ ಈ ಪದ್ಧತಿಯೇ ನನ್ನ ದೃಷ್ಟಿಯಲ್ಲಿ ಮೂರರಲ್ಲಿ ದುರ್ಬಲವಾದದ್ದು. 50 ಕೆ.ಜಿ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಆಧರಿಸಿ ಬೆಲೆ ಕಟ್ಟಿ, ಬೆಳೆಗಾರರಿಗೆ ರಸೀದಿ ಮುದ್ರಿಸಿ ಕೊಡುವ ಸ್ಟೋರಿಯೊಂದಿತ್ತು. ಸರ್ವರ್‌ನ ಲೆಕ್ಕ ಒಬ್ಬರದು, ಮೊಬೈಲ್ ಪರದೆ ಇನ್ನೊಬ್ಬರದು, ಮುದ್ರಣ ಮತ್ತೊಬ್ಬರದು. ಮೂರೂ ಭಾಗಗಳು ತಮ್ಮಷ್ಟಕ್ಕೆ ಸರಿಯಾಗಿದ್ದವು. ಆದರೆ ಸರ್ವರ್ ಔಟ್‌ಟರ್ನನ್ನು ದಶಮಾಂಶದೊಂದಿಗೆ ಗುಣಿಸುತ್ತಿತ್ತು, ರಸೀದಿ ಅದನ್ನು ಪೂರ್ಣಾಂಕಕ್ಕೆ ಇಳಿಸಿ ತೋರಿಸುತ್ತಿತ್ತು. ಬೆಳೆಗಾರರು ಕೈಯಲ್ಲಿ ಲೆಕ್ಕ ಹಾಕಿದರೆ ಮೊತ್ತ ತಾಳೆಯಾಗುತ್ತಿರಲಿಲ್ಲ. ಮೂರನ್ನೂ ಜೋಡಿಸಿ ನೋಡುವುದು ಯಾರ ಪಾಲಿಗೂ ಬಂದಿರಲಿಲ್ಲ.

ಈಗ ನಾವು ಅನುಸರಿಸುತ್ತಿರುವುದು ಮೂರನೆಯದನ್ನು: ಸ್ಟೋರಿಗೆ ಒಬ್ಬರದೇ ಹೆಸರು, ಅದರೊಳಗಿನ ಒಂದೊಂದು ಸಬ್‌ಟಾಸ್ಕ್‌ಗೆ (ಉಪಕೆಲಸಕ್ಕೆ) ಅದನ್ನು ಮಾಡುವವರ ಹೆಸರು. ಸ್ಟೋರಿಯ ಹೊಣೆ ಹೊತ್ತವರು ಎಲ್ಲವನ್ನೂ ತಾವೇ ಮಾಡಬೇಕಿಲ್ಲ; ಕೆಲಸ ಎಲ್ಲಿಗೆ ಬಂತು ಎಂದು ಕೇಳಿದಾಗ ಉತ್ತರ ಹೇಳಬೇಕು ಮತ್ತು ಕೊನೆಯಲ್ಲಿ ಭಾಗಗಳನ್ನು ಕೂಡಿಸಿ ಪರೀಕ್ಷಿಸಬೇಕು. ಒಬ್ಬರ ಹೆಸರು ಬರೆದರೆ ಸಾಮೂಹಿಕ ಒಡೆತನ ಹೋಗುತ್ತದೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಇನ್ನೊಂದು ಅಜೈಲ್ ವಿಧಾನ ಹೇಳುವ ಸಾಮೂಹಿಕ ಒಡೆತನ ಕೋಡ್‌ಗೆ ಸಂಬಂಧಿಸಿದ್ದು. ಯಾರು ಯಾವ ಭಾಗವನ್ನಾದರೂ ತಿದ್ದಬಹುದೆಂಬ ಆ ಸ್ವಾತಂತ್ರ್ಯ ಇಲ್ಲಿಯೂ ಹಾಗೆಯೇ ಇದೆ. ನಿಜವಾದ ಅಪಾಯವೆಂದರೆ ಅನುಭವಿಗಳ ಹೆಸರೇ ಮತ್ತೆ ಮತ್ತೆ ಬೀಳುವುದು. ಆದ್ದರಿಂದ ಸ್ಪ್ರಿಂಟ್ ಯೋಜನೆಯಲ್ಲಿ, ಅಂದರೆ ಮುಂದಿನ ಕಿರು ಅವಧಿಯ ಕೆಲಸ ಗೊತ್ತುಮಾಡುವಾಗ, ಹೊಸಬರಿಗೂ ಸರದಿ ಬರುವಂತೆ ನೋಡಿಕೊಳ್ಳುತ್ತೇವೆ.

ಮಳೆಗಾಲಕ್ಕೆ ಒಂದು ನಿಯಮ ಹೆಚ್ಚುವರಿಯಾಗಿದೆ. ಅಂದಿನ ಕೋಡನ್ನು ಸಂಜೆಯೊಳಗೆ, ಅರ್ಧವಾಗಿದ್ದರೂ ಸರಿ, ಉಳಿದವರಿಗೂ ಸಿಗುವಂತೆ ಬ್ರಾಂಚಿಗೆ (ಕೋಡ್‌ನ ಪ್ರತ್ಯೇಕ ಪ್ರತಿಗೆ) ಪುಶ್ ಮಾಡಿ, ಉಳಿದದ್ದನ್ನು ಟಿಕೆಟ್ಟಿನಲ್ಲಿ (ಕೆಲಸದ ನಮೂದಿನಲ್ಲಿ) ಎರಡು ಸಾಲು ಬರೆದಿಡಬೇಕು. ಮರುದಿನದ ಸ್ಟ್ಯಾಂಡಪ್‌ಗೆ (ದಿನದ ಕಿರುಸಭೆಗೆ) ಹೊಣೆಗಾರರು ಬರಲಾಗದಿದ್ದರೆ, ಅವರ ಕರೆಗೆ ಕಾಯದೆ ಹೆಸರು ಬದಲಾಯಿಸುತ್ತೇವೆ.

ಜಿರಾದಲ್ಲಿ ಸಬ್‌ಟಾಸ್ಕ್‌ಗಳೆಲ್ಲ ಮುಗಿದಾಗ ಸ್ಟೋರಿಯೂ ತಾನಾಗಿ ಮುಗಿಯುವಂತೆ ಆಟೊಮೇಷನ್ ನಿಯಮ ಬರೆಯಬಹುದು. ನಾವು ಬೇಕೆಂದೇ ಬರೆದಿಲ್ಲ. ಹೊಣೆ ಹೊತ್ತವರು ತೂಕ ನಮೂದಿಸುವುದರಿಂದ ರಸೀದಿ ಕೈಗೆ ಬರುವವರೆಗೆ ಒಮ್ಮೆ ತಾವೇ ನಡೆಸಿ ನೋಡಿ, ನಂತರವೇ ಸ್ಟೋರಿಯನ್ನು ಮುಚ್ಚುತ್ತಾರೆ.