ಜೇವರ್ಗಿ ಬಯಲಿಗೆ ಎಲ್‌ಪಿಡಿಎ 4ಜಿ ಆಂಟೆನಾ ಜೋಡಿ

4ಜಿ ರೌಟರಿಗೆ ಜೋಡಿಸಿ ಮನೆ ಮೇಲೆ ಕಟ್ಟುವ, ಮೀನಿನ ಮುಳ್ಳಿನಂತಿರುವ ಆಂಟೆನಾ ಈ ಎಲ್‌ಪಿಡಿಎ. ಸಿಗ್ನಲ್ ಬಲ ‘28 ಡಿಬಿ’ (ಡೆಸಿಬೆಲ್) ಹೆಚ್ಚುತ್ತದೆ ಎಂದು ಡಬ್ಬದ ಮೇಲಿರುತ್ತದೆ. ನಂಬಬೇಡಿ. ಮೊಳದುದ್ದದ ಎಲ್‌ಪಿಡಿಎಯಿಂದ 7ರಿಂದ 9 ಡಿಬಿ ಬಂದರೆ ಹೆಚ್ಚು. ಆದರೂ ಕೊಳ್ಳಬಹುದಾದ ವಸ್ತು, ಕಾರಣ ಬೇರೆ.

ಜೇವರ್ಗಿ, ಅಫಜಲಪುರದ ಬಯಲಲ್ಲಿ ಮಾಳಿಗೆ ಏರಿದರೆ ಮೂರ್ನಾಲ್ಕು ಟವರ್‌ಗಳ ಸಿಗ್ನಲ್ ಒಟ್ಟಿಗೇ ಬಂದು ಬೀಳುತ್ತದೆ. ಒಂದು ಕಂಪನಿಯ ಟವರ್‌ಗಳೆಲ್ಲ ಸಾಮಾನ್ಯವಾಗಿ ಅದೇ ತರಂಗಾಂತರ ಬಳಸುವುದರಿಂದ ನಿಮ್ಮ ಟವರ್ ಬಿಟ್ಟು ಉಳಿದದ್ದೆಲ್ಲ ಗದ್ದಲ. ಕಡ್ಡಿ ತುಂಬಿದ್ದರೂ ವಿಡಿಯೊ ನಿಂತು ನಿಂತು ಓಡುವುದು ಇದರಿಂದಲೇ. ಈ ಆಂಟೆನಾ ಒಂದೇ ದಿಕ್ಕಿಗೆ ಕಿವಿಗೊಡುತ್ತದೆ, ಅದೇ ಇದರ ದೊಡ್ಡ ಗುಣ.

ಬ್ರೌಸರ್‌ನಲ್ಲಿ ತೆರೆಯುವ ರೌಟರ್ ಸೆಟ್ಟಿಂಗ್ ಪುಟದಲ್ಲಿ ಎರಡು ಅಂಕಿ ನೋಡಿ. ಆರ್‌ಎಸ್‌ಆರ್‌ಪಿ ಸಿಗ್ನಲ್ಲಿನ ಬಲ: ಮೈನಸ್ 90 ಚೆನ್ನ, ಮೈನಸ್ 110 ಬಡಕಲು. ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು ಎಸ್‌ಐಎನ್‌ಆರ್: 20 ಉತ್ತಮ, 5ರ ಕೆಳಗೆ ವೇಗ ಕುಸಿಯುತ್ತದೆ, 0 ಅಂದರೆ ಎರಡೂ ಸಮ. ಮೈನಸ್ 80 ಇದ್ದು ಎಸ್‌ಐಎನ್‌ಆರ್ 3 ಇರುವ ಜಾಗಕ್ಕಿಂತ ಮೈನಸ್ 105ರಲ್ಲಿ 15 ಸಿಗುವ ಜಾಗ ಎಷ್ಟೋ ಮೇಲು.

ಒಂದು ಆಂಟೆನಾವನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ಓರೆ ಮಾಡಿ ಕಟ್ಟಿ. ಎರಡನ್ನೂ ಒಂದೇ ಓರೆಯಲ್ಲಿಟ್ಟರೆ ಟವರ್ ಒಟ್ಟಿಗೇ ಕಳಿಸುವ ಎರಡು ಡೇಟಾ ಧಾರೆ ಸರಿಯಾಗಿ ಬೇರ್ಪಡದೆ ವೇಗ ತಗ್ಗುತ್ತದೆ. 10 ಡಿಗ್ರಿಯಂತೆ ತಿರುಗಿಸುತ್ತ, ಪ್ರತಿಸಲ ಒಂದು ನಿಮಿಷ ಕಾದು ಅಂಕಿ ಬರೆದುಕೊಳ್ಳಿ. ಎಸ್‌ಐಎನ್‌ಆರ್ ಹೆಚ್ಚಿದಲ್ಲಿ ನಟ್ಟು ಬಿಗಿಯಿರಿ, ಆರ್‌ಎಸ್‌ಆರ್‌ಪಿ ಎರಡು ಡಿಬಿ ಇಳಿದಿದ್ದರೂ ಚಿಂತೆಯಿಲ್ಲ. ಇನ್ನೂ ಎತ್ತರದ ಪೈಪು ಬೇಕೆಂದು ಹಟ ಬೇಡ. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಬೆನ್ನಿಗಿರುವಂತೆ ಕಟ್ಟಿದರೆ ಹಿಂದಿನ ಟವರ್‌ಗಳ ಗದ್ದಲವನ್ನು ಆ ಗೋಡೆಯೇ ತಡೆಯುತ್ತದೆ.

ಕೊರತೆ ಇರುವುದು ಜೊತೆಗೆ ಬರುವ 10 ಮೀಟರ್ ತೆಳ್ಳನೆ ಕೇಬಲ್‌ನಲ್ಲಿ. ಆರ್‌ಜಿ 58 ತರಹದ್ದು 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 0.7 ಡಿಬಿ, ಒಟ್ಟು 7 ಡಿಬಿ ತಿನ್ನುತ್ತದೆ. ರೌಟರ್ ಕಳಿಸುವುದೇ ಸುಮಾರು 200 ಮಿಲಿವ್ಯಾಟ್, ಅದರಲ್ಲಿ ಆಂಟೆನಾ ಮುಟ್ಟುವುದು 40. ವಾಟ್ಸ್ಯಾಪ್ ಫೋಟೊ ಹೋಗದೆ ಸುತ್ತುತ್ತ ಕೂರುವುದಕ್ಕೆ ಇದೂ ಒಂದು ಕಾರಣ. ರೌಟರನ್ನೇ ಮೇಲಿನ ಕೋಣೆಗೆ ಒಯ್ದು ಆಂಟೆನಾ ಕೇಬಲ್ 3 ಮೀಟರಿಗೆ ಇಳಿಸಿ, ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್ ಎಳೆಯಿರಿ. ಜಾಯಿಂಟಿಗೆ ರಬ್ಬರ್ ಟೇಪ್ ಸುತ್ತಿ, ಪೈಪಿಗೆ ಅರ್ಥಿಂಗ್ ಕೊಡಿ, ಸಿಡಿಲಿನ ಹೊತ್ತಿಗೆ ಕೇಬಲ್ ಬಿಚ್ಚಿಡಿ. ಹಿಂಬದಿಯಲ್ಲಿ ಎಸ್‌ಎಂಎ ಪೋರ್ಟ್ (ಆಂಟೆನಾ ಕೇಬಲ್ ತಿರುಗಿಸಿ ಕೂರಿಸುವ ಜಾಗ) ಇಲ್ಲದ ರೌಟರಿಗೆ ಇದು ಕೂರುವುದಿಲ್ಲ, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಇದರ ಬದಲು ಮೊಬೈಲ್ ಸಿಗ್ನಲ್ ಹೆಚ್ಚಿಸುವ ಯಂತ್ರ, ಅಂದರೆ ಬೂಸ್ಟರ್ ಹಾಕಿಸುವ ಯೋಚನೆಯಿದ್ದರೆ ಬಿಡಿ. ಅನುಮತಿಯಿಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರ. ಮೇಲಾಗಿ ಅದು ಸಿಗ್ನಲ್ಲಿನಷ್ಟೇ ಗದ್ದಲವನ್ನೂ ಎತ್ತುತ್ತದೆ, ತನ್ನದನ್ನೂ ಒಂದಿಷ್ಟು ಸೇರಿಸುತ್ತದೆ.