ನಲ್ಲಿ ಗಡಿಗೆಯೋ, ಬರೀ ಗಡಿಗೆಯೋ: ಬೇಸಿಗೆಯ ತಣ್ಣೀರಿಗೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ನನ್ನ ಓಟು ಕುಂಬಾರರ ಹತ್ತಿರ ಸಿಗುವ ಕೆಂಪು ಗಡಿಗೆಗೆ. ನಲ್ಲಿ ಇಲ್ಲದ್ದು, ಬಣ್ಣ ಬಳಿಯದ್ದು. ಅಂಗಡಿಯ ನಲ್ಲಿ ಗಡಿಗೆ, ಮಣ್ಣಿನ ಬಾಟಲಿ, ಫ್ರಿಜ್ ಮೂರನ್ನೂ ಅದರ ಜೊತೆಗೇ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ನಾವಿರುವುದು ಕಲಬುರಗಿಯಲ್ಲಿ. ಶರಣಬಸವೇಶ್ವರ ಜಾತ್ರೆ ಮುಗಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವುದು ನಮಗೆ ಹೊಸದಲ್ಲ. ಅಂಥ ಮಧ್ಯಾಹ್ನ ಹೊರಗಿನಿಂದ ಬಂದು, ಐದು ನಿಮಿಷ ಕೂತು, ಒಂದು ಚೊಂಬು ಗಡಿಗೆ ನೀರು ಗಟಗಟ ಕುಡಿಯುವ ಸುಖವೇ ಬೇರೆ. ಮಾವಿನಹಣ್ಣು, ಕಲ್ಲಂಗಡಿ ಎಲ್ಲ ಆಮೇಲೆ.

ನಲ್ಲಿ ಗಡಿಗೆ ಮನೆಗೆ ಬಂದದ್ದು ಅವ್ವನಿಗಾಗಿ. ಅವ್ವನಿಗೆ ಮಣಿಕಟ್ಟು ನೋವು. ಮುಚ್ಚಳ ಎತ್ತಿ, ಬಗ್ಗಿ ನೀರು ತೋಡುವುದಕ್ಕಿಂತ ನಲ್ಲಿ ತಿರುಗಿಸುವುದು ಸುಲಭ ಅಲ್ವಾ? ಹೂಬಳ್ಳಿ ಬಣ್ಣ, ಕಬ್ಬಿಣದ ಸ್ಟ್ಯಾಂಡ್, ನೋಡಲು ಚೆಂದವಿತ್ತು. ಸ್ಟ್ಯಾಂಡ್ ಸೇರಿ 700 ರೂಪಾಯಿ ಕೊಟ್ಟೆವು.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನ ಕೆಳಗೆ ನೀರು ಹರಿದಿತ್ತು. ಗಡಿಗೆ ಬೆವರುವುದು ಸಹಜ, ಬೆವರಿದರೇ ನೀರು ತಂಪು. ಆದರೆ ಇದು ಬೆವರಲ್ಲ. ನಲ್ಲಿಯ ಬುಡದಿಂದ ಒಂದೇ ಸಮನೆ ಹನಿ ಬೀಳುತ್ತಿತ್ತು.

ಕಾರಣ ಬಹಳ ಸರಳ. ಗಡಿಗೆಯ ಹೊಟ್ಟೆ ದುಂಡಗೆ, ನಲ್ಲಿಯ ವಾಷರ್ ಚಪ್ಪಟೆ. ಎರಡೂ ಸರಿಯಾಗಿ ಕೂರುವುದೇ ಇಲ್ಲ. ಜೊತೆಗೆ ತೂತಿನ ಅಂಚು ಒರಟು. ಒಳಗಿನ ನಟ್ ಬಿಗಿ ಮಾಡಿದರೆ ಹನಿ ಕಡಿಮೆಯಾಗುತ್ತದೆ. ಇನ್ನೂ ಸ್ವಲ್ಪ ಬಿಗಿ ಮಾಡಿದರೆ ಮಣ್ಣು ಸೀಳುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ತಿಳಿಯುವುದಿಲ್ಲ, ಯಾಕೆಂದರೆ ಸುಟ್ಟ ಮಣ್ಣು ಬಾಗುವುದಿಲ್ಲ, ಸೀದಾ ಬಿರುಕು ಬಿಡುತ್ತದೆ.

ಟೆಫ್ಲಾನ್ ಟೇಪ್ ಸುತ್ತಿ ನೋಡಿದೆವು. ಅದು ನಲ್ಲಿಯ ತಿರುಪಿನ ಸುತ್ತುಗಳಿಂದ ಸೋರುವುದನ್ನು ತಡೆಯುತ್ತದೆ. ನಮ್ಮದು ವಾಷರ್ ಅಡಿಯಿಂದ ಬರುತ್ತಿದ್ದದ್ದು, ಹಾಗಾಗಿ ಉಪಯೋಗವಾಗಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಪದರದ ವಾಷರ್ ಮಾಡಿದೆವು. ಮೆತ್ತನೆಯ ರಬ್ಬರ್ ಆದ್ದರಿಂದ ದುಂಡಗಿನ ಗೋಡೆಗೆ ಚೆನ್ನಾಗಿ ಅಂಟಿಕೊಂಡಿತು, ಹನಿ ನಿಂತಿತು. ಆದರೆ ನೀರಿಗೆ ರಬ್ಬರ್ ವಾಸನೆ. ಗಡಿಗೆ ನೀರಿಗೆ ಇರುವ ಮಣ್ಣಿನ ಘಮಕ್ಕಾಗಿಯೇ ಅದನ್ನು ಕುಡಿಯುವ ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

ಕೊನೆಗೆ ಎಂ-ಸೀಲ್, ಅಂದರೆ ಸೋರುವ ಜಾಗಕ್ಕೆ ಮೆತ್ತುವ ಅಂಟು. ಒದ್ದೆ ಮಣ್ಣಿಗೆ ಅದು ಹಿಡಿಯುವುದಿಲ್ಲ. ಗಡಿಗೆ ಖಾಲಿ ಮಾಡಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆಮೇಲೆ ಹೊರಗಿನಿಂದ ಮೆತ್ತಬೇಕು. ಹಾಗೆ ಮಾಡಿದ ಮೇಲೆ ಸೋರುವುದು ನಿಂತಿತು. ಈಗ ಬೇರೆ ತೊಂದರೆ. ನಲ್ಲಿ ಬಿಚ್ಚಲು ಬರುವುದಿಲ್ಲ. ಒಳಗೆ ನಟ್ಟಿನ ಸುತ್ತ ಲೋಳೆ ಕಟ್ಟುತ್ತದೆ, ಅಲ್ಲಿಗೆ ಬೆರಳೂ ಹೋಗುವುದಿಲ್ಲ, ನಾರೂ ಹೋಗುವುದಿಲ್ಲ. ನಲ್ಲಿಯ ತೂತು ತಳಕ್ಕಿಂತ ಎರಡು ಬೆರಳು ಮೇಲಿರುವುದರಿಂದ ಅಷ್ಟು ನೀರು ಯಾವಾಗಲೂ ಉಳಿದೇ ಇರುತ್ತದೆ. ಅದರ ಮೇಲೇ ಹೊಸ ನೀರು ಸುರಿಯುವುದು ನನಗೆ ಒಗ್ಗುವುದಿಲ್ಲ. ದಿನಾ ಗಡಿಗೆ ಎತ್ತಿ ಬಗ್ಗಿಸಿ ಚೆಲ್ಲಬೇಕು ಅಂದರೆ ನಲ್ಲಿ ಇದ್ದು ಏನು ಬಂತು?

ಇನ್ನೊಂದು, ನೀರು ಅರ್ಧಕ್ಕಿಳಿದರೆ ನಲ್ಲಿಯಿಂದ ಸಣ್ಣ ಎಳೆಯಷ್ಟೇ ಬರುತ್ತದೆ. ಬಾಯಾರಿ ಬಂದವರು ಚೊಂಬು ಹಿಡಿದು ಕಾಯಬೇಕು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು, ನೀರು ತಂಪಾಗಿದ್ದರೆ. ಒಂದು ಮಧ್ಯಾಹ್ನ ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿದೆ. ಕೋಣೆಯಲ್ಲಿ 36 ಡಿಗ್ರಿ ಇದ್ದಾಗ ಬರೀ ಗಡಿಗೆಯ ನೀರು 26, ಬಣ್ಣದ ನಲ್ಲಿ ಗಡಿಗೆಯದು 30. ತಪ್ಪು ಆ ಹೂಬಳ್ಳಿಯದು. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗಬೇಕು. ಹಾಗೆ ಆವಿಯಾಗುವ ನೀರು ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೂ ಎಳೆದುಕೊಳ್ಳುತ್ತದೆ. 100 ಮಿಲಿಲೀಟರ್ ಆವಿಯಾಗಲು ಬೇಕಾದ ಶಾಖ ಪೂರ್ತಿ ಒಳಗಿನಿಂದಲೇ ಬಂದರೆ, 10 ಲೀಟರ್ ನೀರು ಐದಾರು ಡಿಗ್ರಿ ಇಳಿಯುತ್ತದೆ. ಅಷ್ಟು ಸಣ್ಣ ಬೆವರಿಗೆ ಅಷ್ಟು ದೊಡ್ಡ ಫಲ. ಎಣ್ಣೆ ಬಣ್ಣ ಬಳಿದರೆ ಆ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಮಿರಮಿರ ಮಿಂಚುವ ಪಾಲಿಶ್ ಗಡಿಗೆಗೂ ಇದೇ ಮಾತು.

ಹಾಗೇ ಊರಿನ ಹವೆಯೂ ಮುಖ್ಯ. ಮಂಗಳೂರಿನಲ್ಲಿರುವ ನನ್ನ ತಂಗಿಗೆ ನಮ್ಮಲ್ಲಿಂದಲೇ ಒಂದು ಗಡಿಗೆ ಕೊಟ್ಟಿದ್ದೆ. ಅಲ್ಲಿ ನೀರು ಇಷ್ಟು ತಣ್ಣಗಾಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ನಮ್ಮ ಒಣ ಬಿಸಿಲೇ ಗಡಿಗೆಗೆ ಸರಿ. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದವರು ಕಣ್ಣುಮುಚ್ಚಿ ತಗೊಳ್ಳಬಹುದು.

ಬರೀ ಗಡಿಗೆಯಲ್ಲಿ ಕೆಲಸ ಇಲ್ಲ ಅಂತಲ್ಲ. ತಂದ ಮೇಲೆ ಒಂದು ರಾತ್ರಿ ಪೂರ್ತಿ ನೀರಲ್ಲಿ ನೆನೆಸಬೇಕು, ಮೊದಲ ಎರಡು ಮೂರು ಸಲದ ನೀರು ಗಿಡಕ್ಕೆ ಹಾಕಬೇಕು. “ಹೊಸ ಗಡಿಗಿ ಮೊದಲ ತಾನೇ ನೀರ ಕುಡೀತದ, ಆಮ್ಯಾಲ ನಿಮಗ ಕೊಡ್ತದ” ಅಂತ ನಮಗೆ ಕೊಟ್ಟ ಕುಂಬಾರಜ್ಜ ಹೇಳಿದ್ದರು. ತೊಳೆಯಲು ತೆಂಗಿನ ನಾರು ಮತ್ತು ಬರೀ ನೀರು ಸಾಕು. ಸೋಪು ಹಾಕಿದರೆ ಮಣ್ಣು ಅದನ್ನೂ ಹೀರುತ್ತದೆ. ಗಡಿಗೆ ನೀರನ್ನು ಶುದ್ಧ ಮಾಡುವುದಿಲ್ಲ, ತಂಪು ಮಾಡುತ್ತದೆ ಅಷ್ಟೇ. ಹಾಗಾಗಿ ಕುದಿಸಿ ಆರಿಸಿದ್ದೋ ಫಿಲ್ಟರ್ ಮಾಡಿದ್ದೋ ಹಾಕಿ. ಡೆಂಗಿ ಸೊಳ್ಳೆ ತೆರೆದಿಟ್ಟ ನೀರಿನ ಪಾತ್ರೆಗಳಲ್ಲಿ ಮೊಟ್ಟೆ ಇಡುತ್ತದೆ, ಆದ್ದರಿಂದ ಮುಚ್ಚಳ ಬಿಗಿಯಾಗಿರಲಿ.

ಲೋಟ ಹಿಡಿದ ಕೈ ನೀರಿಗೆ ಅದ್ದದ ಹಾಗೆ ಉದ್ದ ಹಿಡಿಯ ಸ್ಟೀಲ್ ಸೌಟು ಇಟ್ಟಿದ್ದೇವೆ. ಅವ್ವನ ಮಣಿಕಟ್ಟಿಗೂ ಅದೇ ದಾರಿಯಾಯಿತು. ಗಡಿಗೆಯನ್ನು ಸೊಂಟದ ಎತ್ತರದ ಕಟ್ಟೆಗೆ ಏರಿಸಿದೆವು, ಭಾರದ ಮುಚ್ಚಳ ತೆಗೆದು ಹಗುರ ತಟ್ಟೆ ಮುಚ್ಚಿದೆವು. ಬಗ್ಗುವುದೂ ಇಲ್ಲ, ಎತ್ತುವುದೂ ಇಲ್ಲ. ಈಗ ಅವ್ವ ತಾವೇ ತೋಡಿಕೊಳ್ಳುತ್ತಾರೆ.

ಕೆಳಗೆ ಅಗಲ ತಟ್ಟೆಯಲ್ಲಿ ಮರಳು ಹಾಕಿ ಅದರ ಮೇಲೆ ಗಡಿಗೆ ಕೂರಿಸಿದ್ದೇವೆ. ಜಿನುಗಿದ ನೀರು ಮರಳಿಗೆ ಇಳಿಯುತ್ತದೆ, ತಳವೂ ತಂಪಾಗಿರುತ್ತದೆ. ಆ ಮರಳಿನ ಅಂಚಿಗೆ ಮಗಳು ರಾಗಿ ಚೆಲ್ಲಿದ್ದಳು, ಹಸಿರು ಸುತ್ತುಗಟ್ಟಿ ಎದ್ದಿದೆ. ನೀರಿಗೆ ಲಾವಂಚದ ಬೇರಿನ ಒಂದು ಸಣ್ಣ ಕಟ್ಟು ಬಿಟ್ಟರೆ ಬರುವ ಪರಿಮಳ ಯಾವ ಷರಬತ್ತಿಗೂ ಇಲ್ಲ. ಬೇರನ್ನು ಚೆನ್ನಾಗಿ ತೊಳೆದು ಹಾಕಿ, ಎರಡು ದಿನಕ್ಕೊಮ್ಮೆ ತೆಗೆದು ಒಣಗಿಸಿ.

ಗಡಿಗೆಗೆ ಇರುವ ನಿಜವಾದ ಶತ್ರು ಗಡಸು ನೀರು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಹೊರಮೈಮೇಲೆ ಬಿಳಿ ಉಪ್ಪು ಕಟ್ಟಿ ರಂಧ್ರ ತುಂಬುತ್ತದೆ, ವರ್ಷ ಕಳೆದ ಹಾಗೆ ತಂಪು ಕಡಿಮೆಯಾಗುತ್ತದೆ. ಹಳೆಯದರಲ್ಲಿ ಗಿಡ ಹಾಕಿ, ಯುಗಾದಿಗೆ ಹೊಸದು ತರುವುದು ನಮ್ಮ ಪದ್ಧತಿ.

ಮಣ್ಣಿನ ಬಾಟಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಫೀಸಿನ ಮೇಜಿನ ಮೇಲೆ, ಕಿಟಕಿ ಗಾಳಿಗೆ ಇಟ್ಟರೆ ಚೆನ್ನ. ಬ್ಯಾಗಿನಲ್ಲಿಟ್ಟರೆ ಗಾಳಿಯಾಡದೆ ನೀರು ತಣ್ಣಗಾಗುವುದಿಲ್ಲ, ಕಾಗದ ಮಾತ್ರ ಒದ್ದೆ. ಕತ್ತು ಸಣ್ಣದು, ಒಳಗೆ ತೊಳೆಯಲು ಆಗುವುದಿಲ್ಲ. ನಾಲ್ಕು ಗುಟುಕಿಗೆ ಖಾಲಿ.

ಫ್ರಿಜ್ ನೀರು ಹಲ್ಲಿಗೆ ಜುಮ್ಮೆನ್ನುತ್ತದೆ, ಎಷ್ಟು ಕುಡಿದರೂ ನನಗೆ ಬಾಯಾರಿಕೆ ಹೋಗುವುದಿಲ್ಲ. ಹಾಲು, ಮೊಸರು, ತರಕಾರಿಗೆ ಅದು ಬೇಕೇ ಬೇಕು. ನೀರಿಗಲ್ಲ. ಕರೆಂಟ್ ಹೋದ ಮಧ್ಯಾಹ್ನ ಫ್ರಿಜ್ ಬಾಗಿಲು ಪದೇಪದೇ ತೆಗೆಯದೆ ಇರಲು ಗಡಿಗೆ ಇರುವುದು ಎಷ್ಟು ಒಳ್ಳೆಯದು ಅಂತ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಕಪ್ಪೋ ಕೆಂಪೋ? ಭಟ್ಟಿಯಲ್ಲಿ ಗಾಳಿ ಆಡಿದರೆ ಕೆಂಪು, ಹೊಗೆ ಕಟ್ಟಿ ಸುಟ್ಟರೆ ಕಪ್ಪು. ತಂಪಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಮನೆಯಲ್ಲಿ ನಾಲ್ಕೈದು ಜನ, ದಿನವಿಡೀ ನೀರು ಕುಡಿಯುವವರು, ದಿನಾ ಬೆಳಿಗ್ಗೆ ಗಡಿಗೆ ತೊಳೆಯುವ ಅಭ್ಯಾಸ ಇದೆ ಅಂದರೆ 200 ರೂಪಾಯಿಯ ಬರೀ ಗಡಿಗೆಯೇ ಸರಿ. ನಲ್ಲಿ ಗಡಿಗೆಯ ದುಡ್ಡಿಗೆ ಮೂರು ಬರುತ್ತವೆ. ಒಂದು ನೀರಿಗೆ, ಚಿಕ್ಕದೊಂದು ಮಜ್ಜಿಗೆಗೆ, ಇನ್ನೊಂದು ಬಾಗಿಲ ಬಳಿ ದಾರಿಹೋಕರಿಗೆ. ನಾವು ಹಾಗೇ ಮಾಡಿದ್ದೇವೆ. ಮಜ್ಜಿಗೆಯದನ್ನು ಮಾತ್ರ ಬೇರೆಯೇ ಇಡಿ, ಹುಳಿ ವಾಸನೆ ಮಣ್ಣಿನಿಂದ ಹೋಗುವುದಿಲ್ಲ.

ನಲ್ಲಿ ಇರಲೇಬೇಕು ಅನ್ನುವವರು ಬಣ್ಣವಿಲ್ಲದ್ದನ್ನು ಆರಿಸಿ, ಅಂಗಡಿಯಲ್ಲೇ ನೀರು ತುಂಬಿಸಿ ಸ್ವಲ್ಪ ಹೊತ್ತು ನಿಂತು ನೋಡಿ. ಬರೀ ಗಡಿಗೆಯಾದರೆ ಬೆರಳಿನಿಂದ ತಟ್ಟಿ. ಠಣ್ ಅಂದರೆ ತನ್ನಿ, ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ. ಮೈ ಸ್ವಲ್ಪ ಒರಟಾಗಿರಲಿ. ಬಿಸಿಲು ಏರಿದ ಮೇಲೆ ಒಳ್ಳೆಯವು ಬೇಗ ಖಾಲಿಯಾಗುತ್ತವೆ, ಯುಗಾದಿಗೆ ಮುಂಚೆಯೇ ಹೋಗಿ.