ಮೂರು ಬಗೆಯ ಸ್ಲೈಡ್‌ಔಟ್ ಬಳಸಿ ನೋಡಿದೆ, ನನ್ನ ಓಟು ರ‍್ಯಾಕ್ ಪಿನಿಯನ್‌ಗೆ

ಮೊದಲೇ ಹೇಳಿಬಿಡುತ್ತೇನೆ. ನೆಲದಡಿ ಎರಡು ಉಕ್ಕಿನ ತೋಳು, ಒಂದೇ ಮೋಟರು, ರ‍್ಯಾಕ್ ಪಿನಿಯನ್ (ಹಲ್ಲಿನ ಪಟ್ಟಿ, ಅದರ ಮೇಲೆ ಉರುಳುವ ಹಲ್ಲುಚಕ್ರ) ಇರುವ ಸ್ಲೈಡ್‌ಔಟೇ ನನಗೆ ಸರಿಹೋಗಿದ್ದು. ಅಕ್ಕಪಕ್ಕದ ಗೋಡೆಯೊಳಗೆ ಒಂದೊಂದು ಮೋಟರು ಕೂತಿರುವ ಬಗೆಯನ್ನು ಮೂರು ವರ್ಷ ಸಾಕಿದ್ದೇನೆ. ಕೇಬಲ್ ಎಳೆಯುವ ಬಗೆಯನ್ನು ಸ್ನೇಹಿತನ ಟ್ರೇಲರ್‌ನಲ್ಲಿ ಒಂದು ವಾರ ನೋಡಿದ್ದೇನೆ. ಆಮೇಲೇ ಈಗಿನದನ್ನು ಕೊಂಡಿದ್ದು.

ಗೊತ್ತಿಲ್ಲದವರಿಗೆ: ಟ್ರಾವೆಲ್ ಟ್ರೇಲರ್ ಅಂದರೆ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ನಿಲ್ಲಿಸಿ ಬಟನ್ ಒತ್ತಿದರೆ ಸೋಫಾ, ಊಟದ ಮೇಜು ಸಮೇತ ಗೋಡೆಯ ಒಂದು ಭಾಗ ಬೀರುವಿನ ಡ್ರಾಯರ್ ಎಳೆದ ಹಾಗೆ ಹೊರಗೆ ಸರಿಯುತ್ತದೆ, ಒಳಗೆ ಓಡಾಡಲು ಜಾಗ ಆಗುತ್ತದೆ. ಅದೇ ಸ್ಲೈಡ್‌ಔಟ್. ಅದು ಹೊರಗೆ ಹೋಗದಿದ್ದರೆ ಒಂದು ರಾತ್ರಿ ಇಕ್ಕಟ್ಟಿನಲ್ಲಿ ಮಲಗಬಹುದು. ಒಳಗೆ ಬರದಿದ್ದರೆ ಗಾಡಿ ರಸ್ತೆಗೇ ಇಳಿಯುವ ಹಾಗಿಲ್ಲ. ಅಂಗಡಿಯಲ್ಲಿ ತೋರಿಸುವಾಗ ಅದು ಹೊರಗೆ ಹೋಗುವುದನ್ನೇ ತೋರಿಸುತ್ತಾರೆ, ಕೊಳ್ಳುವವರೂ ಅದನ್ನೇ ನೋಡುತ್ತಾರೆ. ನಾನೂ ನೋಡಿದ್ದು ಅದನ್ನೇ.

ನಾವು ಇರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ತಿಂಗಳಿಗೊಂದು ಸಲ ಶುಕ್ರವಾರ ಸಂಜೆ ಹೊರಟು ಭಾನುವಾರ ವಾಪಸ್. ಗೋಡೆಯೊಳಗೆ ಎರಡು ಮೋಟರಿದ್ದ ಹಳೆಯ ಸ್ಲೈಡ್ ಕೈಕೊಟ್ಟ ದಿನ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್‌ನಲ್ಲಿದ್ದೆವು. ಗುಲಾಬಿ ಬಣ್ಣದ ಬಂಡೆಗಳ ನಡುವೆ ಕೆರೆ. ಮಾರ್ಚ್ ತಿಂಗಳಾದ್ದರಿಂದ ಲೈವ್ ಓಕ್ ಮರಗಳು ಎಲೆ ಉದುರಿಸಿ, ಹುಳುವಿನಂಥ ಹೂದಾರಗಳನ್ನು ಎಲ್ಲೆಂದರಲ್ಲಿ ಸುರಿಸುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಜಾಗ ಖಾಲಿ ಮಾಡಬೇಕು. ಹತ್ತೂವರೆಗೆ ಬಟನ್ ಒತ್ತಿದೆ. ಮುಂದಿನ ತುದಿ ಒಳಗೆ ಬಂತು. ಅಡುಗೆಮನೆ ಕಡೆಯ ತುದಿ ನಾಲ್ಕು ಬೆರಳು ಹಿಂದೆ ಉಳಿಯಿತು. ‘ಕಟ್’ ಅಂತ ಒಂದು ಸದ್ದು, ಅಷ್ಟೆ. ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡ ಮಂಚದ ಹಾಗೆ ಸೊಟ್ಟಗೆ ನಿಂತುಬಿಟ್ಟಿತು.

ಈ ಬಗೆಯಲ್ಲಿ ಎರಡು ಮೋಟರಿಗೂ ನಡುವೆ ಸರಳು, ಸರಪಳಿ ಯಾವುದೂ ಇಲ್ಲ. ಎಡಗಡೆಯದು ಎಷ್ಟು ಸುತ್ತು ತಿರುಗಿತು, ಬಲಗಡೆಯದು ಎಷ್ಟು ಅಂತ ಕಂಟ್ರೋಲರ್ ಎಂಬ ಎಲೆಕ್ಟ್ರಾನಿಕ್ ಡಬ್ಬಿ ಎಣಿಸಿಕೊಂಡು ಎರಡನ್ನೂ ಸಮಕ್ಕೆ ತರುತ್ತದೆ. ಲೆಕ್ಕ ತಪ್ಪಿದರೆ ನಿಲ್ಲಿಸಿ ಕೆಂಪು ದೀಪ ಮಿಟುಕಿಸುತ್ತದೆ. ಪೂರ್ತಿ ಹೊರಗೆ ಬಿಟ್ಟು, ಮೋಟರ್ ತಾನಾಗಿ ನಿಲ್ಲುವವರೆಗೂ ಬಟನ್ ಹಿಡಿದೇ ಇದ್ದರೆ ಎಣಿಕೆ ಮತ್ತೆ ಸರಿಯಾಗುತ್ತದೆ ಎನ್ನುತ್ತಾರೆ. ಆದರೆ ನಮ್ಮದು ಹೊರಕ್ಕೂ ಅಲುಗಲಿಲ್ಲ. ಕೊನೆಯ ಉಪಾಯವಾಗಿ ಕಂಟ್ರೋಲರ್ ಮೇಲಿನ ಮೋಡ್ ಬಟನ್ನನ್ನು ಆರು ಸಲ ಒತ್ತಿ, ಏಳನೇ ಸಲ ಒತ್ತಿ ಹಿಡಿಯುವ ಮಂತ್ರವೂ ಆಯಿತು. ಎರಡಿಂಚು ಬಂದು ಮತ್ತೆ ಮುನಿಸಿಕೊಂಡಿತು.

ಆಗ ಅಪ್ಪ ಹಾಸನದಿಂದ ಬಂದಿದ್ದರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವರು. “ಗ್ರೀಸ್ ಹಚ್ಚೋ, ಒಣಗೋಗದೆ” ಅಂದರು. “ಇದಕ್ಕೆ ಗ್ರೀಸ್ ಹಚ್ಚಬಾರದಪ್ಪಾ, ಧೂಳು ಕಚ್ಕೊಂಡು ಗಟ್ಟಿಯಾಗುತ್ತೆ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅರ್ತ್ ನೋಡು” ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕರೆಂಟ್ ಕಂಬಕ್ಕೆ ಪ್ಲಗ್ ಹಾಕಿದ್ದೇವೆ, ಬ್ಯಾಟರಿ 13.5 ವೋಲ್ಟ್ ತೋರಿಸುತ್ತಿದೆ, ಇನ್ನೆಲ್ಲಿಯ ಅರ್ತ್ ಅಂತ ನನ್ನ ವಾದ.

ಫೋನ್ ಮಾಡಿದ ಮೆಕ್ಯಾನಿಕ್ ಮಂಗಳವಾರ ಬರುತ್ತೇನೆ ಎಂದ. ಕೊನೆಗೆ ಎರಡೂ ಮೋಟರುಗಳ ಸ್ಕ್ರೂ ಬಿಚ್ಚಿ, ಗೇರಿನ ಹಿಡಿತದಿಂದ ಬಿಡುವಷ್ಟು ಮೇಲಕ್ಕೆತ್ತಿ, ಕೈಯಲ್ಲೇ ತಳ್ಳಿದೆವು. ಪಕ್ಕದ ಜಾಗದ ಇಬ್ಬರು ಬಂದು ಹೆಗಲು ಕೊಟ್ಟರು. ಅಪ್ಪ “ಐಸಾ” ಅಂದರೆ ಅವರೂ ಅರ್ಥ ಗೊತ್ತಿಲ್ಲದೆ “ಐಸಾ” ಅನ್ನುತ್ತಿದ್ದರು. ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಸೊಟ್ಟ, ಒಂದೊಂದು ಇಂಚಿಗೂ ಜಗಳ. ಒಳಗೆ ಬಂದ ಮೇಲೂ ಮೋಟರಿನ ಹಿಡಿತ ಇಲ್ಲವಲ್ಲ, ದಾರಿಯಲ್ಲಿ ಹೊರಗೆ ಜಾರಬಾರದು ಅಂತ ಎದುರು ಗೋಡೆಗೆ ಮರದ ತುಂಡು ಅಡ್ಡ ಕೊಟ್ಟು ಹೊರಟಾಗ ಎರಡು ಗಂಟೆ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಹಿಂದೆಲ್ಲ ನಾನು ಅಳೆದದ್ದು ಮೋಟರ್ ಓಡದಾಗ. ಈಗ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಕಂಟ್ರೋಲರ್‌ನ ನೆಗೆಟಿವ್‌ಗೆ ಇಟ್ಟು ಹೆಂಡತಿಗೆ ಬಟನ್ ಒತ್ತಲು ಹೇಳಿದೆ. ಸೊನ್ನೆಯ ಹತ್ತಿರ ಇರಬೇಕಾದದ್ದು 2.3 ತೋರಿಸಿತು. ಅಂದರೆ ಮೋಟರಿಗೆ ಸೇರಬೇಕಾದ ಎರಡು ಚಿಲ್ಲರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಟ್ರೇಲರ್ ಕೆಳಗೆ ತೂರಿ ನೋಡಿದರೆ, ಕಂಟ್ರೋಲರ್‌ನ ನೆಗೆಟಿವ್ ವೈರನ್ನು ಚಾಸಿಗೆ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೆ, ಕಚ್ಚಿಸಿದ್ದ ಸ್ಕ್ರೂ (ಅಪ್ಪ ಹೇಳಿದ ಅರ್ತ್ ಇದೇ) ತುಕ್ಕು ಹಿಡಿದು ಬೆರಳಲ್ಲೇ ತಿರುಗುತ್ತಿತ್ತು. ಉಪ್ಪುಕಾಗದದಲ್ಲಿ ಬಣ್ಣ, ತುಕ್ಕು ಕೆರೆದು, ದಪ್ಪ ಬೋಲ್ಟು ಹಾಕಿ ಬಿಗಿದೆ. ಖರ್ಚು ನಾಲ್ಕು ಡಾಲರ್. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಹಾಗಾದರೆ ತಪ್ಪು ಸ್ಕ್ರೂನದು, ಸ್ಲೈಡ್‌ನದಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ವೋಲ್ಟೇಜ್ ಕಮ್ಮಿಯಾದರೆ ಒಂದೇ ಮೋಟರಿನ ಸ್ಲೈಡ್ ನಿಧಾನಕ್ಕೆ, ನರಳುತ್ತಾ ಬರುತ್ತದೆ. ನಿಂತರೂ ನೇರವಾಗಿ ನಿಲ್ಲುತ್ತದೆ. ಎರಡು ಮೋಟರಿನದು, ಯಾವ ಕಡೆ ಭಾರ ಹೆಚ್ಚೋ ಆ ಕಡೆ ಸೋತು ಸೊಟ್ಟಗಾಗುತ್ತದೆ. ಕೆಡುವುದು ಎಲ್ಲವೂ ಕೆಡುತ್ತವೆ, ಕೆಟ್ಟಾಗ ಹೇಗೆ ನಿಲ್ಲುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಮರುವರ್ಷ ಮತ್ತೆ ಸೊಟ್ಟಗಾಯಿತು. ಈ ಸಲ ಎಡ, ಬಲದ ಪ್ಲಗ್ ಅದಲುಬದಲು ಮಾಡಿ ನೋಡಿದೆ. ತೊಂದರೆ ಮೋಟರಿನ ಜೊತೆಗೇ ಹೋಯಿತು, ಹಾಗಾಗಿ ಕಂಟ್ರೋಲರ್ ಸರಿಯಿದೆ, ಮೋಟರ್ ಸತ್ತಿದೆ ಅಂತ ಖಾತ್ರಿಯಾಯಿತು. ಹೊಸ ಮೋಟರ್ ಹಾಕಿಸಿ, ಕೊಂಡವರಿಗೆ ಇದೆಲ್ಲ ಹೇಳಿಯೇ ಮಾರಿದೆ.

ಇದರ ಒಳ್ಳೆಯ ಗುಣವನ್ನೂ ಹೇಳಬೇಕು. ಹಗುರ, ಸದ್ದಿಲ್ಲ, ನೆಲದಡಿ ಜಾಗ ತಿನ್ನುವುದಿಲ್ಲ. ಸಣ್ಣ ಗಾಡಿಯಲ್ಲಿ ಎಳೆಯುವವರಿಗೆ ಈ ಹಗುರ ದೊಡ್ಡ ವಿಷಯ.

ಕೇಬಲ್‌ನದರ ಜೊತೆ ಟೆಕ್ಸಸ್‌ನದೇ ಪಾಲೋ ಡುರೋ ಕಣಿವೆಗೆ ಹೋಗಿದ್ದೆವು. ಒಂದು ಮೋಟರು, ಒಂದು ಸರಪಳಿ, ನಾಲ್ಕು ಮೂಲೆಗೂ ಉಕ್ಕಿನ ಕೇಬಲ್. ಬಾವಿ ರಾಟೆಯ ಬುದ್ಧಿಯೇ. ಕಂಟ್ರೋಲರ್ ಎಣಿಸುವ ಗೊಡವೆ ಇಲ್ಲ, ಅದು ಹಿಡಿಸಿತು. ಆದರೆ ಹಗ್ಗದ ಮಂಚ ಬಿಗಿದು ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತಾಗುತ್ತದೆ: ಒಂದು ಮೂಲೆ ಬಿಗಿದರೆ ಎದುರು ಮೂಲೆ ಸಡಿಲ. ಮೂರನೇ ದಿನ ಮೇಲಿನ ಮೂಲೆಯಲ್ಲಿ ರಬ್ಬರ್ ಸೀಲ್ ಕೂರದೆ ಬೆರಳು ತೂರುವಷ್ಟು ಸಂದು. ಬೆಳಿಗ್ಗೆ ಎದ್ದರೆ ಸೋಫಾ ಮೇಲೆಲ್ಲ ಕಣಿವೆಯ ಕೆಂಧೂಳು. ನಟ್ಟು ತಿರುಗಿಸಿ ಸರಿಮಾಡಿದೆ, ಸರಿಹೋಯಿತು ಕೂಡ. ಒಂದು ಕೇಬಲ್‌ನ ಎಳೆಗಳು ಬಿಚ್ಚಿ ಮುಳ್ಳಿನಂತೆ ಎದ್ದು ನಿಂತಿದ್ದವು. ಅದನ್ನು ಬದಲಾಯಿಸದೆ ಇನ್ನೊಂದು ಟ್ರಿಪ್ ಹೋಗಬೇಡ ಅಂತ ಸ್ನೇಹಿತನಿಗೆ ಹೇಳಿ ವಾಪಸ್ ಕೊಟ್ಟೆ.

ಈಗಿನದರಲ್ಲಿ ಎರಡು ತೋಳುಗಳನ್ನೂ ಒಂದೇ ಅಡ್ಡ ಸರಳು ತಿರುಗಿಸುತ್ತದೆ. ಒಂದು ಹಲ್ಲು ಮುಂದೆ ಹೋದರೆ ಇನ್ನೊಂದೂ ಹೋಗಲೇಬೇಕು. ಮೋಟರ್ ಸತ್ತರೂ ಹೊರಗಿನಿಂದ ರ‍್ಯಾಚೆಟ್ ಸ್ಪ್ಯಾನರ್ ಹಾಕಿ ತಿರುಗಿಸುವ ತುದಿಯೊಂದಿದೆ. ಕೊಂಡ ವಾರವೇ ಮನೆ ಮುಂದೆ ನಿಲ್ಲಿಸಿ, ಫ್ಯೂಸ್ ತೆಗೆದು, ಒಬ್ಬನೇ ತಿರುಗಿಸಿ ನೋಡಿದೆ. ಹದಿನೆಂಟು ನಿಮಿಷ. ತೋಳು ನೋವು ಬಂತು, “ಐಸಾ” ಬೇಕಾಗಲಿಲ್ಲ.

ಭಾರ ಜಾಸ್ತಿ. ಹಳೆಯದಕ್ಕಿಂತ ಎರಡು ಸಾವಿರ ಡಾಲರ್ ಹೆಚ್ಚೂ ಬಿತ್ತು. ರಸ್ತೆಯ ಕೆಸರು ನೇರ ಹಲ್ಲುಗಳಿಗೇ ರಾಚುತ್ತದೆ, ಮಳೆಯಲ್ಲಿ ಓಡಿಸಿದ ಮೇಲೆ ಬ್ರಷ್ ಹಿಡಿದು ಮಲಗಲೇಬೇಕು. ಲೈವ್ ಓಕ್ ಕಸವಂತೂ ಮೂರಕ್ಕೂ ಒಂದೇ: ಒಳಗೆ ತರುವ ಮೊದಲು ಏಣಿ ಹಾಕಿ ಮೇಲ್ಛಾವಣಿ ಗುಡಿಸದಿದ್ದರೆ ಸೀಲಿನಡಿ ಸಿಕ್ಕಿ ಮಳೆನೀರಿಗೆ ದಾರಿ ಮಾಡುತ್ತದೆ.

ವರ್ಷಕ್ಕೆ ಎರಡು ಸಲ ಹೋಗುವವರಿಗೆ, ಹತ್ತಿರದಲ್ಲೇ ರಿಪೇರಿ ಅಂಗಡಿ ಇರುವವರಿಗೆ, ಸಣ್ಣ ಟ್ರಕ್ಕಿನವರಿಗೆ ನಾನು ಇದನ್ನು ತಗೊಳ್ಳಿ ಅನ್ನುವುದಿಲ್ಲ. ಇಬ್ಬರೇ ಇದ್ದರೆ ಸ್ಲೈಡೇ ಇಲ್ಲದ ಟ್ರೇಲರ್ ಕೊಳ್ಳಿ. ನನಗೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಇರುತ್ತದೆ, ಮೆಕ್ಯಾನಿಕ್‌ನ ಮಂಗಳವಾರಕ್ಕೆ ಕಾಯುವ ಹಾಗಿಲ್ಲ.

ಇದರಲ್ಲಿ ಸ್ಲೈಡಿನ ನೆಲ ಉಳಿದ ನೆಲಕ್ಕಿಂತ ಮೂರು ಬೆರಳು ಎತ್ತರ. ಹೋದ ಸಲ ಕತ್ತಲಲ್ಲಿ ಅಪ್ಪ ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡರು. ದಸರಾ ಕಳೆದು ಮತ್ತೆ ಬರುತ್ತಾರೆ, ಅಷ್ಟರೊಳಗೆ ಆ ಅಂಚಿಗೆ ಹಳದಿ ಟೇಪ್ ಅಂಟಿಸಬೇಕು.